ಪೆಡಲ್ ಮುರಿದ ಮಳೆಗಾಲ

ನನ್ನ ಮಾವ ನನ್ನೊಂದಿಗೆ ನೇರವಾಗಿ ಮಾತಾಡುವುದನ್ನು ಬಿಟ್ಟು ಆಗಲೇ ಒಂಬತ್ತು ವರ್ಷಗಳಾಗಿದ್ದವು. ಕಣ್ಣಿನ ಪೊರೆ ತೆಗೆಸಿಕೊಳ್ಳಲೆಂದು ಖಾನಾಪುರದಿಂದ ಬೆಳಗಾವಿಯ ಮಹಾಂತೇಶ ನಗರದ ನಮ್ಮ ಬಾಡಿಗೆ ಮನೆಗೆ ಬಂದ ದಿನವೂ ಅದು ಬದಲಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದವಳು ನಾನು. "ಬರ್ರಿ ಮಾಮಾ" ಎಂದೆ. ಅವರು ಚಪ್ಪಲಿ ಬಿಡುತ್ತ, ಹಿಂದೆ ಚೀಲ ಹಿಡಿದು ನಿಂತಿದ್ದ ಮಗನಿಗೆ, "ಕಾಲಿಗೆ ನೀರ ಎಲ್ಲಿ ಇಟ್ಟಾಳ ಕೇಳು ನಿನ್ನ ಹೇಣ್ತಿನ್ನ" ಎಂದರು. ನೀರಿನ ತಂಬಿಗೆ ನನ್ನ ಕೈಯಲ್ಲೇ ಇತ್ತು. ನನ್ನ ಗಂಡ ಅದನ್ನು ನನ್ನಿಂದ ಇಸಿದುಕೊಂಡು ಅವರಿಗೆ ಕೊಟ್ಟ.

ಇದಕ್ಕೆ ಕಾರಣವಿತ್ತು. ಖಾನಾಪುರದಲ್ಲಿ ಸ್ಟೇಷನ್ ಕಡೆ ಹೋಗುವ ರಸ್ತೆಯ ಬದಿಗೆ ಮಾವನದೊಂದು ವೆಲ್ಡಿಂಗ್ ಶೆಡ್ಡಿತ್ತು. ಸುತ್ತಲಿನ ಹಳ್ಳಿಗಳ ಗೇಟು, ಕಿಟಕಿಯ ಜಾಳಿಗೆ, ಟ್ರ್ಯಾಕ್ಟರಿನ ಟ್ರೇಲರು ಎಲ್ಲ ಅಲ್ಲಿಗೇ ಬರುತ್ತಿದ್ದವು. ನನ್ನ ಗಂಡ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ. ಮದುವೆಯಾಗಿ ಎರಡು ವರ್ಷವಾಗುವಷ್ಟರಲ್ಲಿ ಮಾವನ ಕಣ್ಣು ಮಂಜಾಗತೊಡಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ನಾನು ಗಂಡನಿಗೆ ಹೇಳಿದೆ: "ಆ ಬೆಳಕಿನ್ಯಾಗ ನಿಮ್ಮ ಕಣ್ಣೂ ಹೋಗ್ತಾವ. ನಿಮ್ಮ ಅಪ್ಪನ ಕಣ್ಣ ನೋಡ್ರಿ. ಬೆಳಗಾವಿಗೆ ಹೋಗೂಣು." ಮಾವ ಅಲ್ಲೇ ಎದುರಿಗೆ ಕೂತಿದ್ದರು. ಅವರು ಕೇಳಿಸಿಕೊಳ್ಳಲಿ ಎಂದೇ ನಾನು ಹೇಳಿದ್ದು. ಆರು ತಿಂಗಳಲ್ಲಿ ನನ್ನ ಗಂಡನಿಗೆ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಾವ ಒಬ್ಬರೇ ನಾಲ್ಕು ವರ್ಷ ಶೆಡ್ಡು ನಡೆಸಿದರು. ಆಮೇಲೆ ಕೈಲಾಗದೆ ಬೇರೊಬ್ಬನಿಗೆ ಬಾಡಿಗೆಗೆ ಕೊಟ್ಟರು. ಬಂಧುಗಳೆದುರು ಅವರು ನನ್ನನ್ನು ಕರೆಯುತ್ತಿದ್ದುದು "ನನ್ನ ಶೆಡ್ಡಿನ ಬಾಗಲಾ ಹಾಕಿಸಿದಾಕಿ" ಎಂದು.

ಅವರ ಹಾಸಿಗೆಗೆ ಜಾಗ ಮಾಡಲು ನನ್ನ ಹೊಲಿಗೆ ಯಂತ್ರವನ್ನು ಮುಂದಿನ ಕೋಣೆಯಿಂದ ನಡುಮನೆಯ ಓಣಿಯಂಥ ಜಾಗಕ್ಕೆ ಸರಿಸಬೇಕಾಯಿತು. ಯಂತ್ರ ದೇಸೂರಿನ ನನ್ನ ತವರಿನದು, ನನ್ನ ತಾಯಿ ಹೊಲಿಯುತ್ತಿದ್ದದ್ದು. ಕಾಲಿನಿಂದ ತುಳಿಯುವ ಹಳೆಯ ಮಾದರಿ. ಅದರ ಸ್ಟ್ಯಾಂಡು, ಪೆಡಲು ಎಲ್ಲ ಬೀಡಿನದು. ಎರಕ ಹೊಯ್ದು ಮಾಡಿದ ಕಬ್ಬಿಣಕ್ಕೆ ನಮ್ಮ ಕಡೆ ಬೀಡು ಎನ್ನುತ್ತಾರೆ. ಭಾರ ಹೊರುತ್ತದೆ, ಆದರೆ ಬಗ್ಗುವುದು ಗೊತ್ತಿಲ್ಲ. ಪೆಟ್ಟು ಬಿದ್ದರೆ ಒಡೆಯುತ್ತದೆ. ಓಣಿಯ ಹೆಂಗಸರ ರವಿಕೆ, ಸೀರೆಯ ಫಾಲು, ಸಾಲಿ ಮಕ್ಕಳ ಯೂನಿಫಾರಂ ಎಲ್ಲ ಆ ಯಂತ್ರದ ಮೇಲೆಯೇ ಆಗುತ್ತಿದ್ದವು. ಆಷಾಢ ಮುಗಿಯುತ್ತ ಬಂದಿತ್ತು. ಶ್ರಾವಣಕ್ಕೆ ಕೊಡಬೇಕಾದ ರವಿಕೆಗಳ ಗಂಟು ಮಂಚದ ಕೆಳಗೆ ಬೆಳೆಯುತ್ತಿತ್ತು.

ಆಪರೇಶನ್ ಆಗಿ ವಾರವಾಗಿತ್ತು. ಬೆಳಿಗ್ಗೆ ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ದೊಡ್ಡ ಸದ್ದಾಯಿತು. ಓಡಿ ಬಂದು ನೋಡಿದರೆ ಯಂತ್ರ ಪಕ್ಕಕ್ಕೆ ಉರುಳಿತ್ತು. ಮಾವ ಗೋಡೆ ಹಿಡಿದು ನಿಂತಿದ್ದರು, ಒಂದು ಕಣ್ಣಿಗೆ ಹಸಿರು ಬಟ್ಟೆ. ಅವರಿಗೇನೂ ಆಗಿರಲಿಲ್ಲ. ಪೆಡಲು ಮಾತ್ರ ಕಲ್ಲಿನ ನೆಲಕ್ಕೆ ಬಡಿದು ನಡುವೆ ಎರಡು ಹೋಳಾಗಿತ್ತು.

"ಹಾದ್ಯಾಗ ಇಟ್ಟಾಳ" ಎಂದರು ಅವರು ಹಲ್ಲುಜ್ಜುತ್ತಿದ್ದ ಮಗನಿಗೆ. "ಕುರುಡ ಮನಷ್ಯಾ ಬರ್ತಾನಂತ ಗೊತ್ತಿದ್ದೂ ಹಾದ್ಯಾಗ ಇಟ್ಟಾಳ."

"ಒದ್ದಾರ ನೋಡ್ರಿ" ಎಂದೆ ನಾನೂ ಗಂಡನಿಗೇ. "ಎಡವಿದ್ರ ಇಷ್ಟ ದೂರ ಬೀಳೂದಿಲ್ಲ."

ಗಂಡ ಬಾಯಿ ತುಂಬ ನೊರೆ ತುಂಬಿಕೊಂಡು ಇಬ್ಬರನ್ನೂ ನೋಡಿದ. ಉಗುಳಲು ಬಚ್ಚಲಿಗೆ ಹೋದ. ಡ್ಯೂಟಿಗೆ ಹೊರಡುವಾಗ ಮಾತ್ರ, "ಅದಕ್ಕೊಂದ ಮೋಟರ್ ಹಚ್ಚಿಸಿಬಿಡೂಣು ತಗೋ" ಎಂದ. ನನಗೆ ಮೋಟರ್ ಬೇಡವಾಗಿತ್ತು. ಹದಿನೈದು ವರ್ಷ ಕಾಲಿನ ಲೆಕ್ಕದಲ್ಲಿ ಹೊಲಿದವಳಿಗೆ ಕುತ್ತಿಗೆಯ ತಿರುವಿನಲ್ಲಿ ಒಂದೊಂದೇ ಹೊಲಿಗೆ ಹಾಕಬೇಕೆಂದರೆ ಕಾಲೇ ಬೇಕು. ಹಳೆಯ ಪೆಡಲು ಸಿಗುತ್ತದೇನೋ ಎಂದು ಗುಜರಿಯ ಎರಡು ಅಂಗಡಿಗಳಲ್ಲಿ ಹುಡುಕಿದೆ. ಸಿಕ್ಕವು ಅಳತೆಗೆ ಕೂಡಲಿಲ್ಲ.

ಮನೆಯಲ್ಲೇ ಮೂವತ್ತು ವರ್ಷ ವೆಲ್ಡಿಂಗ್ ಮಾಡಿದ ಮನುಷ್ಯ ಕೂತಿದ್ದರು. ಏನು ಮಾಡಬೇಕೆಂದು ಅವರನ್ನೊಂದು ಮಾತು ಕೇಳಬಹುದಿತ್ತು. ಕೇಳುವುದಕ್ಕಿಂತ ಆ ಹೋಳುಗಳನ್ನು ಗಟಾರಕ್ಕೆ ಎಸೆದೇನು ಅನಿಸಿತ್ತು ನನಗೆ. ಓಣಿಯ ತುದಿಯ ಕಿರಾಣಿ ಅಂಗಡಿಯಿಂದ, ಕ್ಷಣದಲ್ಲಿ ಹಿಡಿಯುತ್ತದೆ ಎನ್ನುವ ಚಿಕ್ಕ ಅಂಟಿನ ಟ್ಯೂಬು ತಂದೆ. ನೆಲದ ಮೇಲೆ ಕೂತು ಒಡಕಿನ ಬಾಯಿಗೆ ಹನಿ ಹನಿಯಾಗಿ ಬಿಟ್ಟು ಎರಡೂ ಹೋಳು ಒತ್ತಿ ಹಿಡಿದೆ. ಅಂಟು ನೀರಿನ ಹಾಗೆ ಹರಿದು ನನ್ನ ಹೆಬ್ಬೆರಳು, ತೋರುಬೆರಳನ್ನು ಸೇರಿಸಿಬಿಟ್ಟಿತು. ಬಿಸಿನೀರಿನಲ್ಲಿ ಅದ್ದಿ ಬಿಡಿಸಿಕೊಳ್ಳುವಾಗ ಚರ್ಮ ಕಿತ್ತು ಬಂತು. ಪೆಡಲು ಮಾತ್ರ ಕೂಡಿತ್ತು. ಯಂತ್ರಕ್ಕೆ ಸೇರಿಸಿ ಅರ್ಧ ರವಿಕೆ ಹೊಲಿದೆ. ತೋಳು ಜೋಡಿಸುವಾಗ ಕಾಲ ಕೆಳಗೆ 'ಟಕ್' ಎಂದಿತು.

ಮಂಚದ ಮೇಲಿಂದ ಮಾವ ನಕ್ಕರು. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಇಂಥ ಹೊತ್ತಿನಲ್ಲಿ ಅವರು ಗೋಡೆಯೊಡನೆ ಮಾತಾಡುತ್ತಿದ್ದರು. "ನೀರಿನಂಥಾ ಅಂಟ ತಂದಾಳ. ಬೀಡಿನ ಒಡಕಂದ್ರ ಹರಕ ಕಾಗದೇನು? ಹಳ್ಳ-ದಿಣ್ಣಿ ಇರತಾವ. ಅದನ್ನ ತುಂಬೂ ಅಂಥಾದ್ದು ಬೇಕು."

ಬೈಗುಳವಾದರೂ ಮಾತು ಖರೆಯಿತ್ತು. ಒಡಕಿನ ಬಾಯಿ ದೊರಗಾಗಿ ಸಕ್ಕರೆಯ ಹರಳಿನ ಹಾಗಿತ್ತು. ತೆಳ್ಳನೆಯ ಅಂಟು ತುದಿ ತುದಿಗೆ ಮಾತ್ರ ತಾಗಿತ್ತು. ನಾನು ಒಲೆಯ ಮೇಲಿನ ಪಾತ್ರೆಗೆ, "ಕೇಳಿದವರ್ಯಾರು?" ಎಂದು ಹೇಳಿ ಕೊಡೆ ತೆಗೆದುಕೊಂಡು ಖಡೇಬಜಾರಕ್ಕೆ ಹೊರಟೆ.

ಅಲ್ಲಿಯ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಹಳೆಯ ಜೈನ ಮನೆತನದವರು. ಹೊತ್ತು ಮುಳುಗುವ ಮುಂಚೆ ಊಟಕ್ಕೆಂದು ಮಾಳಿಗೆಗೆ ಹೋಗಿಬಿಡುತ್ತಾರಾದ್ದರಿಂದ ಲಗುಬಗೆಯಿಂದ ಹೋಗಿದ್ದೆ. ಅವರೂ ಸಿಹಿ ಮಾತಿನ ಮನುಷ್ಯರಲ್ಲ.

"ಲೋಹಕ್ಕ ಹಚ್ಚೂ ಅಂಟ ಕೊಡ್ರಿ" ಎಂದೆ.

"ಯಾವ ಲೋಹ? ಬಿಸಿ ಆಗೂ ಜಾಗಾ ಏನು? ನೀರ ಬೀಳತೈತೇನು? ಝಟಕಾ ಬೀಳತೈತೇನು? ಏನೂ ಹೇಳದ ಅಂಟ ಕೊಡ್ರಿ ಅಂದ್ರ ಹ್ಯಾಂಗ ಕೊಡ್ಲಿ ಅಕ್ಕಾರ?"

ಹೇಳಿದೆ. ಅವರು ಎರಡು ಟ್ಯೂಬುಗಳ ಒಂದು ಡಬ್ಬಿ ಮುಂದಿಟ್ಟರು. ಒಂದರಲ್ಲಿ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಔಷಧಿ. ಎರಡನ್ನೂ ಸಮಸಮ ಹಿಂಡಿ, ಒಂದೇ ಬಣ್ಣ ಬರುವ ತನಕ ಕಲಸಬೇಕು. ಒಂದು ದಿನ ಮುಟ್ಟಬಾರದು. "ಮದಲ ಜಾಗಾ ಸ್ವಚ್ಛ ತಿಕ್ಕ್ರಿ. ತಿಕ್ಕಲಿಲ್ಲಂದ್ರ ನನ್ನ ಬೈಬ್ಯಾಡ್ರಿ" ಎಂದು ಎದ್ದು ಊಟಕ್ಕೆ ಹೋದರು.

ನಾನು ತಿಕ್ಕಿದೆ. ಅಂದರೆ ಹಳೆಯ ಬಟ್ಟೆಯಿಂದ ಒರೆಸಿದೆ. ಮುಂದಿನ ಓಣಿಯವಳು ಎರಡು ಸಲ ಬಂದು ತನ್ನ ರವಿಕೆ ಕೇಳಿ ಹೋಗಿದ್ದಳು, ನನಗೆ ತಾಳ್ಮೆಯಿರಲಿಲ್ಲ. ಒಂದು ಹೆಂಚಿನ ಚೂರಿನ ಮೇಲೆ ಎರಡೂ ಅಂಟನ್ನು ಬೆಂಕಿಕಡ್ಡಿಯಿಂದ ಕಲಸಿ, ಒಡಕಿಗೆ ತುಂಬಿ, ಆಚೀಚೆ ಮೇಲೂ ದಪ್ಪಗೆ ಬಳಿದು ಒಂದು ದಿನ ಬಿಟ್ಟೆ. ಮರುದಿನ ಕಲ್ಲಿನ ಹಾಗಾಗಿತ್ತು. ಮೂರು ರವಿಕೆ ಹೊಲಿದೆ. ನಾಲ್ಕನೆಯದರಲ್ಲಿ ಪೆಡಲು ಮತ್ತೆ ಬಿಟ್ಟಿತು. ಬಳಿದ ಅಂಟು ಒಣಗಿದ ಸಿಪ್ಪೆಯ ಹಾಗೆ ಇಡಿಯಾಗಿ ಎದ್ದು ಬಂದಿತ್ತು.

ಆ ದಿನ ಗಂಡ ಮನೆಯಲ್ಲಿದ್ದ. ಮಾವ ಕೈ ಚಾಚಿ ಆ ಸಿಪ್ಪೆಯನ್ನು ಅವನಿಂದ ತೆಗೆದುಕೊಂಡರು. ಹೆಬ್ಬೆರಳಿನಿಂದ ಅದರ ಬೆನ್ನನ್ನು ಸವರಿದರು. ಉಗುರಿನಿಂದ ಕೆರೆದರು. ಮೂಸಿ ನೋಡಿದರು.

"ಇದರ ಬೆನ್ನಿಗೆ ಕರೇ ಬಣ್ಣ ಐತಿ, ನೋಡು. ಆಕಿ ಬಣ್ಣಕ್ಕ ಅಂಟ ಹಚ್ಚ್ಯಾಳ, ಕಬ್ಬಣಕ್ಕ ಹಚ್ಚಿಲ್ಲ. ಅಂಟ ಬಣ್ಣಾ ಹಿಡದೈತಿ, ಬಣ್ಣಾ ಕಬ್ಬಣಾ ಬಿಟ್ಟೈತಿ. ಮ್ಯಾಲ ಮಶೀನಿನ ಎಣ್ಣಿ ವಾಸನಿ ಬ್ಯಾರೆ. ಎಣ್ಣಿ ಮ್ಯಾಲ ಯಾವ ಅಂಟ ಕುಂದರತೈತಿ? ಹೊಲಿಯಾಕಿಗೆ ಕಬ್ಬಣದ್ದೇನ ಗೊತ್ತು."

ನನ್ನ ಕಿವಿ ಬಿಸಿಯಾಯಿತು. ಬೈದರೆಂದಲ್ಲ, ಹೇಳಿದ್ದು ಸರಿಯೆಂದು. ಮೊದಲೇ ಗೊತ್ತಿದ್ದೂ ನಾನು ಅಂಟು ಕಲಸುವಾಗ ಸುಮ್ಮನೆ ನೋಡುತ್ತ ಕೂತಿದ್ದರಲ್ಲ ಎಂದು. "ಮದಲ ಹೇಳಾಕ ಬಾಯಿ ಇರಲಿಲ್ಲೇನಂತ ಕೇಳ್ರಿ" ಎಂದೆ ಗಂಡನಿಗೆ. ಅವನು ಟಿವಿಯ ದನಿ ಏರಿಸಿದ.

ಮರುದಿನ ನಾನು ಹಟಕ್ಕೆ ಬಿದ್ದು ಖರೆಯಾಗಿಯೇ ತಿಕ್ಕತೊಡಗಿದೆ. ಪಾಲಿಶ್ ಪೇಪರಿನಿಂದ ಬಣ್ಣ ಕೆರೆದು, ಕೆಳಗಿನ ಬೂದುಬಣ್ಣದ ಬೀಡು ಕಾಣುವ ತನಕ ಉಜ್ಜಿ, ಎಣ್ಣೆ ಹೋಗಲೆಂದು ಥಿನ್ನರ್ ಹಚ್ಚಿ ಒರೆಸಿದೆ. ವಾಸನೆ ಮನೆಯೆಲ್ಲ ತುಂಬಿತು. ಮಾವ ಕೆಮ್ಮಿ, "ಕಣ್ಣ ತಗದವಗ ವಾಸನಿ ಕುಡಿಸಿ ಕೊಲ್ಲಾಕ ಹತ್ಯಾಳ" ಎಂದು ಗೋಡೆಗೆ ಹೇಳಿದರು. ನಾನು ಕಿಟಕಿ ತೆರೆಯಬಹುದಿತ್ತು. ತೆರೆಯಲಿಲ್ಲ.

ಅರ್ಧ ಕೆಲಸಕ್ಕೆ ಪಾಲಿಶ್ ಪೇಪರು ತೀರಿತು. ಹೊಲಿದಿಟ್ಟ ರವಿಕೆಗಳನ್ನು ಮುಟ್ಟಿಸಿ, ಹಾಗೇ ಪೇಪರು ತರೋಣವೆಂದು ಹೊರಗೆ ಹೋದೆ. ಮರಳಿ ಬಂದಾಗ ಬಾಗಿಲಿಗೆ ಚಿಲಕ ಮಾತ್ರ ಹಾಕಿತ್ತು. ಮಾವ ಇರಲಿಲ್ಲ. ಪೆಡಲಿನ ಹೋಳುಗಳೂ ಇರಲಿಲ್ಲ. ಪಕ್ಕದ ಮನೆಯವರು, "ಕೈಚೀಲ ಹಿಡಕೊಂಡು ರಿಕ್ಷಾ ಹತ್ತಿ ಹೋದ್ರಲ್ಲ" ಎಂದರು.

ಮಧ್ಯಾಹ್ನ ಮೂರಕ್ಕೆ ಗಂಡನ ಫೋನು ಬಂತು. ಖಾನಾಪುರದಿಂದ, ಶೆಡ್ಡು ಬಾಡಿಗೆಗೆ ಹಿಡಿದವನು ಅವನಿಗೆ ಫೋನು ಮಾಡಿದ್ದನಂತೆ. ಅಪ್ಪನ ಕಣ್ಣು ಬಾತು ನೀರು ಸುರಿಯುತ್ತಿದೆ, ಯಾರಾದರೂ ಬಂದು ಕರೆದುಕೊಂಡು ಹೋಗಿ ಎಂದು. ಗಂಡನಿಗೆ ಶಿಫ್ಟು ಬಿಟ್ಟು ಬರುವ ಹಾಗಿರಲಿಲ್ಲ. "ನೀ ಹೋಗಿ ಬಾ" ಎಂದ. "ನಾ ಹ್ವಾದ್ರ ಬರ್ತಾರೇನು?" ಎಂದೆ. "ಹ್ಯಾಂಗಾದ್ರೂ ಮಾಡಿ ಕರಕೊಂಡ ಬಾ" ಎಂದು ಫೋನು ಇಟ್ಟ.

ರೈಲು ಸಿಕ್ಕಿತು. ದೇಸೂರು ದಾಟುವಾಗ ಮಳೆ ಜೋರಾಯಿತು. ತವರಿನ ಸ್ಟೇಷನ್ನಿನಲ್ಲಿ ಇಳಿದುಬಿಡೋಣ, ಅವರ ಮಗಳು ಗುಂಜಿಯಿಂದ ಬಂದು ಕರೆದೊಯ್ಯಲಿ ಎಂದೂ ಒಂದು ಗಳಿಗೆ ಅನಿಸಿತು. ಇಳಿಯಲಿಲ್ಲ. ಆ ಹೋಳುಗಳೇನಾದವೋ ನೋಡಬೇಕಿತ್ತು. ನನ್ನನ್ನು ಖಾನಾಪುರದ ತನಕ ಎಳೆದದ್ದು ಮಾವನ ಕಣ್ಣಲ್ಲ, ನನ್ನ ಪೆಡಲು.

ಮಾವ ಶೆಡ್ಡಿನ ಒಳಗೆ ಒಂದು ಬೆಂಚಿನ ಮೇಲೆ, ಮುಖಕ್ಕೆ ಒದ್ದೆ ಟವೆಲ್ಲು ಹಾಕಿಕೊಂಡು ಕೂತಿದ್ದರು. ನನ್ನ ಹೆಜ್ಜೆ ಸದ್ದು ಗುರುತಿಸಿರಬೇಕು. "ಮಗಗ ಪುರಸೊತ್ತಿಲ್ಲೇನು?" ಎಂದರು ಯಾರಿಗೂ ಅಲ್ಲದ ಹಾಗೆ.

ಶೆಡ್ಡಿನವನು ನನ್ನನ್ನು ಬಾಜೂಕ ಕರೆದ. ನಲವತ್ತರ ಆಸುಪಾಸಿನ ಮನುಷ್ಯ, ಮರಾಠಿ ಮನೆಮಾತಿನವನು. ಅವನಿಗೆ ಹೆದರಿಕೆಯಾಗಿತ್ತು.

"ನಾ ಬ್ಯಾಡಂದೆ ವಹಿನಿ, ಖರೇನ ಬ್ಯಾಡಂದೆ. ನಾ ಮಾಡಿಕೊಡ್ತೀನಿ, ಬೀಡಿಗೆ ಹಚ್ಚೂ ರಾಡ್ ಇಲ್ಲ, ನಾಳೆ ಬೆಳಗಾವಿಂದ ತರಸ್ತೀನಿ ಅಂದೆ. 'ನನ್ನ ಶೆಡ್ಡಿನ್ಯಾಗ ನನಗ ಕಲಸ್ತಿ ಏನು' ಅಂದ್ರು. ಸಾದಾ ರಾಡ್ ಹಚ್ಚಿದ್ರು. ಕರೇ ಕಾಚಿನ್ಯಾಗ ಒಡಕ ಕಾಣವಲ್ದು ಅಂತ ಮುಖದ ಮುಂದಿನ ಕಾಚ ಎತ್ತಿಬಿಟ್ರು. ಬರೇ ಕಣ್ಣಲೆ, ವಹಿನಿ."

"ಆಮ್ಯಾಲ?"

"ಹಿಡೀತು. ಭಾರೀ ಖುಷಿಪಟ್ರು. ಆಮ್ಯಾಲ ತಣ್ಣಗಾಗಾಕತ್ತು ನೋಡ್ರಿ, ಟಣ್ ಅಂತ ಬಾಜೂಕ ಸೀಳಿತು."

ಅವನು ತೋರಿಸಿದ. ವೆಲ್ಡಿಂಗ್ ಮಾಡಿದ ಗೆರೆ ಗಟ್ಟಿಯಾಗೇ ಇತ್ತು, ನಡುಗುವ ಕೈಯಲ್ಲಿ ಹಾಕಿದ ಸೊಟ್ಟ ಗೆರೆ. ಅದರ ಪಕ್ಕದಲ್ಲಿ, ಇಲ್ಲಿಯ ತನಕ ಸರಿಯಿದ್ದ ಬೀಡಿನಲ್ಲಿ, ಹೊಸ ಒಡಕು ಬಿದ್ದು ಪೆಡಲು ಮತ್ತೆ ಎರಡಾಗಿತ್ತು. ಇನ್ನೊಂದು ಅಂಚಿನಿಂದ ಬೆರಳಗಲದ ಚೂರೂ ಹಾರಿತ್ತು. ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಕೈಗೆ ಸಿಕ್ಕ ಸುತ್ತಿಗೆಯಿಂದ ಏನಾದರೂ ಒಡೆಯಬೇಕು ಅನಿಸಿತು. ಒಡೆಯುವ ಬದಲು ನಾನು ಮೂಲೆಯಲ್ಲಿದ್ದ ಮಾವನ ಹಳೆಯ ಪೆಟ್ಟಿಗೆ ತೆರೆದೆ. ಅದರಲ್ಲಿ ಬಿಗಿದು ಹಿಡಿಯುವ ಕ್ಲಾಂಪುಗಳಿದ್ದವು, ಹಿಡಿಕೆ ಸವೆದು ಹೊಳೆಯುತ್ತಿದ್ದವು. ಎರಡು ತೆಗೆದು ಚೀಲಕ್ಕೆ ಹಾಕಿಕೊಂಡೆ. ಅಲ್ಲಿ ಬಿದ್ದಿದ್ದ ಕಬ್ಬಿಣದ ಪಟ್ಟಿಯೊಂದನ್ನು ಗೇಣುದ್ದದ ಎರಡು ತುಂಡು ಮಾಡಿಸಿಕೊಂಡೆ. ಮಾವನನ್ನು ಕೇಳಲಿಲ್ಲ.

ಮರಳುವ ರೈಲಿನಲ್ಲಿ ಅವರು ನನ್ನ ತೋಳು ಹಿಡಿದೇ ಹತ್ತಬೇಕಾಯಿತು. ಹತ್ತಿದೊಡನೆ ಬಿಟ್ಟರು. ಬೆಳಗಾವಿಯಲ್ಲಿ ಇಳಿದು ಸೀದಾ ಕಣ್ಣಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಕೇಳಿದಾಗ ಮಾವ, "ಬಸ್ಸಿನ ಕಿಡಕಿಯಿಂದ ಧೂಳ ಹೋತ್ರಿ" ಎಂದರು. ನಾನು, "ವೆಲ್ಡಿಂಗಿನ ಬೆಳಕರಿ. ಬರೇ ಕಣ್ಣಲೆ ನೋಡ್ಯಾರ" ಎಂದೆ. ತಪ್ಪು ಔಷಧಿ ಕೊಡಬಾರದೆಂದು ಹೇಳಿದೆ, ಅಷ್ಟೇ. ಆದರೆ ಮಾವನ ದವಡೆ ಬಿಗಿದದ್ದು ನನಗೆ ಕಾಣಿಸಿತು, ಅದು ಹಿತವಾಗಿಯೂ ಇತ್ತು.

ಎರಡು ತಾಸಿಗೊಮ್ಮೆ ಹನಿ ಹಾಕಬೇಕಿತ್ತು. ಗಂಡ ಕೆಲಸಕ್ಕೆ ಹೋದಾಗ ಅದು ನನ್ನ ಪಾಲು. ಮಾವ ಮಂಚದ ಅಂಚಿಗೆ ತಲೆಯಿಟ್ಟು ಮೇಲೆ ನೋಡುತ್ತಿದ್ದರು, ನಾನು ಎರಡು ಬೆರಳಿನಿಂದ ರೆಪ್ಪೆ ಅಗಲಿಸಿ ಹನಿ ಬಿಡುತ್ತಿದ್ದೆ. ಕೆಂಡದಂತೆ ಕೆಂಪಾದ ಆ ಕಣ್ಣು ನನ್ನನ್ನೇ ನೋಡುತ್ತಿರುತ್ತಿತ್ತು, ಬೇರೆಡೆ ನೋಡಲು ಅದಕ್ಕೆ ಜಾಗವಿರಲಿಲ್ಲ. ಅಷ್ಟು ಹತ್ತಿರದಲ್ಲಿ ನಾವು ಎಂದೂ ಇದ್ದವರಲ್ಲ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ, ಇದುವರೆಗೆ ಗಂಡನಿಗೂ ಹೇಳಿಲ್ಲ. ಅಡಿಗೆಮನೆಯ ಕಿಟಕಿಯ ಕೆಳಗೆ ಯಂತ್ರ ಇಡುವಷ್ಟು ಜಾಗವಿತ್ತು. ಅಲ್ಲಿ ಬೆಳಕೂ ಚೆನ್ನಾಗಿತ್ತು. ನಾನು ಬೇಕೆಂದೇ ಅದನ್ನು ಬಚ್ಚಲಿಗೆ ಹೋಗುವ ಹಾದಿಯಲ್ಲಿ ಇಟ್ಟಿದ್ದೆ. ಅವರು ಬೀಳಲೆಂದಲ್ಲ. ದಿನಕ್ಕೆ ನಾಲ್ಕು ಸಲ ನನ್ನ ಯಂತ್ರದ ಅಂಚಿಗೆ ಮೈ ತಿಕ್ಕಿಕೊಂಡು ಹೋಗಲಿ, ನಾನು ಇಲ್ಲಿದ್ದೇನೆ ಎಂಬುದು ಗೊತ್ತಾಗಲಿ ಎಂದು.

ನಾಲ್ಕನೆಯ ದಿನ ಗುಂಜಿಯಿಂದ ನಾದಿನಿ ಬಂದಳು. ಅಪ್ಪನ ಕಣ್ಣು ನೋಡಿ ಬಾಗಿಲಲ್ಲೇ ಅತ್ತಳು. ಮಾವ ಅವಳಿಗೆ ಇನ್ನೊಂದು ಕತೆ ಹೇಳಿದರು: ಥಿನ್ನರಿನ ವಾಸನೆ ದಿನವಿಡೀ ಮನೆಯಲ್ಲಿ ತುಂಬಿ ಕಣ್ಣು ಹೀಗಾಯಿತು.

ನಾದಿನಿ ನನ್ನ ಕಡೆ ತಿರುಗಿದಳು. "ನಿನಗೊಂದ ಪೆಡಲ್ ದೊಡ್ಡದಾತೇನು? ಮನ್ಯಾಗ ಕಣ್ಣಿನ ಪೇಶಂಟ್ ಮಲಗ್ಯಾನ, ನೀ ಥಿನ್ನರ್ ಹಚ್ಕೋತ ಕುಂತಿ?"

ನಾನು ಪೆಡಲಿನ ಹೋಳುಗಳನ್ನು ತಂದು ಅವಳ ಮುಂದೆ ನೆಲಕ್ಕೆ ಹಾಕಿದೆ. "ಇದು ಥಿನ್ನರ್ ಮಾಡಿದ್ದೇನ ನೋಡು. ಖಾನಾಪುರಕ್ಕ ಹೋಗಿ ನಿಮ್ಮಪ್ಪ ಮಾಡಿದ್ದು. ಕಾಚ ಎತ್ತಿ, ಬೀಡಿಗೆ ಸಾದಾ ರಾಡ್ ಹಚ್ಚಿ. ಎರಡ ತುಂಡ ಇದ್ದದ್ದು ಮೂರ ಆಗೈತಿ. ಮೂವತ್ತ ವರ್ಷ ಕಲತ ಕೈ ನೋಡು ಇದು."

ಕೊನೆಯ ಮಾತು ಬೇಕಿರಲಿಲ್ಲ. ಬಾಯಿಂದ ಹೊರಬೀಳುವಾಗಲೇ ಅದು ಗೊತ್ತಾಯಿತು, ಆದರೂ ತಡೆಯಲಿಲ್ಲ. ಮಾವ ಗೋಡೆಯ ಕಡೆಗೂ ತಿರುಗಲಿಲ್ಲ. ತಮ್ಮ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಆ ಹೊತ್ತು ಬಡಿಸಿದ್ದನ್ನು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಗಂಡನೂ ನಾದಿನಿಯೂ ಅವರನ್ನು ಆಸ್ಪತ್ರೆಗೆ ಕರೆದೊಯ್ದಾಗ ನಾನು ಮತ್ತೆ ಖಡೇಬಜಾರಕ್ಕೆ ಹೋಗಿ ಬಂದೆ. ಅಂಗಡಿಯ ಯಜಮಾನರು ಮೂರು ತುಂಡು ನೋಡಿ ನನ್ನನ್ನು ಬೈದರು. ಈ ಸಲ ಕಬ್ಬಿಣದ ಪುಡಿ ಬೆರೆಸಿದ, ಹಿಟ್ಟಿನಷ್ಟು ದಪ್ಪನೆಯ ಅಂಟು ಕೊಟ್ಟರು. "ಬರೇ ಒಡಕಿಗೆ ಹಚ್ಚಿದ್ರ ಪೆಡಲ್ ತಾಳೂದಿಲ್ಲ. ತುಳಿಯೂ ಜಾಗಾ ಅದು. ಕೆಳಗ ಪಟ್ಟಿ ಕೊಡ್ರಿ. ಅಂಟಿಗೆ ಹಿಡಿಯಾಕ ಅಗಲ ಜಾಗಾ ಬೇಕು" ಎಂದರು. ಪಟ್ಟಿ ನನ್ನ ಬಳಿ ಇದ್ದವು.

ಮನೆಗೆ ಬಂದು ಮಧ್ಯಾಹ್ನದ ತನಕ ಉಜ್ಜಿದೆ. ಸೊಟ್ಟ ವೆಲ್ಡಿಂಗಿನ ಉಬ್ಬನ್ನು ಅರದಿಂದ ತಿಕ್ಕಿ ಸಮ ಮಾಡಿದೆ. ಪೆಡಲಿನ ಕೆಳಮೈಯನ್ನೂ ಪಟ್ಟಿಗಳನ್ನೂ ದೊರಗಾಗುವ ಹಾಗೆ ಗೀಚಿದೆ. ಕಿಟಕಿ ತೆರೆದಿಟ್ಟು ಥಿನ್ನರಿನಿಂದ ಒರೆಸಿದೆ, ಒರೆಸಿದ ಜಾಗಕ್ಕೆ ಬೆರಳು ತಾಗಿಸಲಿಲ್ಲ. ಅಂಟನ್ನು ಸಮಸಮ ತೆಗೆದು, ಎಲ್ಲೂ ಬೇರೆ ಬಣ್ಣದ ಎಳೆ ಕಾಣದ ತನಕ ಕಲಸಿದೆ. ಒಡಕುಗಳಿಗೆ ತುಂಬಿ, ಹಾರಿದ್ದ ಚೂರನ್ನೂ ಅದರ ಜಾಗಕ್ಕೆ ಮೆತ್ತಿ, ಕೆಳಗೆ ಎರಡೂ ಪಟ್ಟಿ ಕೂರಿಸಿ, ಖಾನಾಪುರದ ಕ್ಲಾಂಪುಗಳನ್ನು ನನ್ನ ಮೈಯ ಬಲವೆಲ್ಲ ಹಾಕಿ ಬಿಗಿದೆ.

ಅವರು ಆಸ್ಪತ್ರೆಯಿಂದ ಬಂದಾಗ ಪೆಡಲು ಬಾಗಿಲ ಪಕ್ಕದ ಕಟ್ಟೆಯ ಮೇಲಿತ್ತು. ನಾದಿನಿ ಚಹಾಕ್ಕೆ ಇಡಲು ಒಳಗೆ ಹೋದಳು, ಗಂಡ ಔಷಧಿ ತರಲು ಹೊರಗೆ ಹೋದ. ಮಾವ ಕಟ್ಟೆ ಸವರುತ್ತ ಬಂದು ಕ್ಲಾಂಪಿನ ಹಿಡಿಕೆ ಮುಟ್ಟಿದರು. ಕೈ ಅಲ್ಲೇ ನಿಂತಿತು. ಸವೆದ ಜಾಗವನ್ನು ಹೆಬ್ಬೆರಳಿನಿಂದ ಎರಡು ಸಲ ತಿಕ್ಕಿದರು. ಆಮೇಲೆ ನಾನಿದ್ದ ಕಡೆ ಮುಖ ತಿರುಗಿಸಿದರು.

"ನನ್ನ ಕೇಳಿ ತಂದೀ?"

ನನಗೇ ಹೇಳುತ್ತಿದ್ದಾರೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಇಲ್ಲ" ಎಂದೆ. "ಕೇಳಿದ್ರ ಕೊಡತಿದ್ರೇನು?"

"ಇಲ್ಲ."

"ಅದಕ್ಕ ಕೇಳಲಿಲ್ಲ."

"ಕಳ್ಳಿ" ಎಂದರು. ಆಮೇಲೆ ಪಟ್ಟಿಯ ಅಂಚಿಗೆ ಬೆರಳು ಹಚ್ಚಿ, ಹೊರಗೆ ಉಕ್ಕಿದ್ದ ಅಂಟನ್ನು ಮುಟ್ಟಿ, "ಜೀವಾ ಹೋಗೂಹಂಗ ಬಿಗದಿ. ಅಂಟೆಲ್ಲಾ ಹೊರಗ ಬಂದೈತಿ. ಒಳಗೇನ ಉಳದೈತಿ ಹಿಡಿಯಾಕ?" ಎಂದರು.

"ಕೈ ತಗೀರಿ ಮಾಮಾ. ಮುಟ್ಟಬ್ಯಾಡ್ರಿ."

ಅವರು ಕೈ ತೆಗೆಯಲಿಲ್ಲ. ಎರಡೂ ಹಿಡಿಕೆಗಳನ್ನು ಒಂದೊಂದು ಕೂದಲೆಳೆಯಷ್ಟು ಸಡಿಲಿಸಿದರು. ನಾನು ಅವರ ಮುಂಗೈ ಹಿಡಿದೆ. ಅವರು ಝಾಡಿಸಿದರು. ನಾದಿನಿ ಚಹಾದ ಕಪ್ಪು ಹಿಡಿದು ಬಂದು, "ಏನ ನಡಸೀರಿ ಇಬ್ಬರೂ?" ಎಂದು ಚೀರಿದಳು. ಅಷ್ಟರಲ್ಲಿ ಅವರು ಮಾಡಬೇಕೆಂದದ್ದನ್ನು ಮಾಡಿ ಮುಗಿಸಿದ್ದರು. ಅಂಟು ಇನ್ನೂ ಮೆತ್ತಗಿತ್ತು. ಉಕ್ಕಿದ್ದರಲ್ಲಿ ತುಸು ಮರಳಿ ಒಳಗೆ ಎಳೆದುಕೊಂಡ ಹಾಗೆ ಕಂಡಿತು. ಅಥವಾ ನನಗೆ ಹಾಗೆ ಕಂಡಿತೋ ಏನೋ.

ಎರಡು ದಿನ ನಾನು ಅದನ್ನು ಮುಟ್ಟಲಿಲ್ಲ. ಮಳೆಗಾಲದ ತಂಪಿಗೆ ಅಂಟು ನಿಧಾನಕ್ಕೆ ಒಣಗುತ್ತದೆಂದು ಅಂಗಡಿಯವರು ಹೇಳಿದ್ದರು. ಮೂರನೆಯ ದಿನ ಕ್ಲಾಂಪು ಬಿಚ್ಚಿ, ಪೆಡಲು ಕೂರಿಸಿ, ಅಡಿಗೆಮನೆಯ ಕಿಟಕಿಯ ಕೆಳಗೆ ಯಂತ್ರ ಇಟ್ಟುಕೊಂಡು ಹೊಲಿಯತೊಡಗಿದೆ. ಸಂಜೆಯ ತನಕ ಹೊಲಿದೆ. ಹಿಡಿದಿತ್ತು. ಅದು ನನ್ನ ಉಜ್ಜುವಿಕೆಯಿಂದ ಹಿಡಿಯಿತೋ ಅವರು ಸಡಿಲಿಸಿದ್ದರಿಂದ ಹಿಡಿಯಿತೋ ಹೇಳಲಾರೆ. ಅವರು ಗುಂಜಿಯಲ್ಲಿ ಎಲ್ಲರಿಗೂ ತಮ್ಮಿಂದಲೇ ಎಂದು ಹೇಳುತ್ತಾರಂತೆ. ನಾನು ಇಲ್ಲಿ ನನ್ನಿಂದಲೇ ಎನ್ನುತ್ತೇನೆ.

ಆ ವಾರವೇ ಅವರು ಮಗಳೊಂದಿಗೆ ಗುಂಜಿಗೆ ಹೋದರು, ಅಲ್ಲಿಯೇ ಉಳಿದರು. ಉರಿ, ಬಾವು ನಾಲ್ಕಾರು ದಿನಗಳಲ್ಲಿ ಇಳಿದವು. ಆಪರೇಶನ್ ಆದ ಕಣ್ಣು ಮಾತ್ರ ಡಾಕ್ಟರು ಅಂದುಕೊಂಡಷ್ಟು ತಿಳಿಯಾಗಲಿಲ್ಲ. ಅದಕ್ಕೆ ಆ ದಿನದ ಬೆಳಕೇ ಕಾರಣವೇ ಎಂದು ನನ್ನ ಗಂಡ ಎರಡು ಸಲ ಕೇಳಿದ. ಡಾಕ್ಟರು ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಹೊರಡುವ ದಿನ ಮಾವ ಚೀಲಕ್ಕೆ ಎರಡೂ ಕ್ಲಾಂಪು ಹಾಕಿಕೊಂಡರು, ಅವಕ್ಕೆ ಅಂಟಿದ್ದ ಅಂಟಿನ ಚೂರು ಕೆರೆದು ತೆಗೆಯುವ ತನಕ ರಿಕ್ಷಾ ಹತ್ತಲಿಲ್ಲ. ಗಂಡ ಸ್ಟೇಷನ್ನಿಗೆ ಹೋಗಿ ಬಂದ. ನಾನು ಹೋಗಲಿಲ್ಲ, ಹೊಲಿಯಬೇಕಾದದ್ದು ಬಹಳವಿತ್ತು.

ಇದಾಗಿ ಎರಡು ವರ್ಷ. ಹೋದ ಚಳಿಗಾಲದಲ್ಲಿ ಒಂದು ಪಟ್ಟಿಯ ತುದಿ ಎದ್ದಿತ್ತು. ಖಡೇಬಜಾರಕ್ಕೆ ಹೋಗಿ ಅಂಟಿನ ಜೊತೆ ನನ್ನವೇ ಎರಡು ಹೊಸ ಕ್ಲಾಂಪು ತಂದು ಮತ್ತೆ ಕೂರಿಸಿದೆ, ಈ ಸಲ ಬಿಗಿಯುವಾಗ ಅಂಟು ತುಸು ಇಣುಕಿದೊಡನೆ ಕೈ ನಿಲ್ಲಿಸಿದೆ. ದೀಪಾವಳಿಗೆ ನಾವು ಗುಂಜಿಗೆ ಹೋದಾಗ ಮಾವ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು. "ಬಂದೀ?" ಎಂದರು ನನಗೆ. "ಬಂದೆ" ಎಂದೆ. ಅಷ್ಟಕ್ಕೇ ಇಬ್ಬರಿಗೂ ಸಾಕಾಯಿತು. ಅವರು ಎದ್ದು ಹಿತ್ತಲಿಗೆ ಹೋದರು, ನಾನು ಒಳಗೆ ಹೋಗಿ ನಾದಿನಿಯ ಜೊತೆ ಕರ್ಚೀಕಾಯಿ ಕರಿಯಲು ಕೂತೆ.